ತಮ್ಮದೇ ಮಾತನ್ನು ಓದಲು ಹೋದವರು

ಇಂಗ್ಲೆಂಡಿನಲ್ಲಿ ಹುಟ್ಟಿ, ಇಂಗ್ಲಿಷಿನಲ್ಲೇ ಅತ್ತು, ನಕ್ಕು, ಜಗಳವಾಡಿ ಬೆಳೆದ ಹುಡುಗಿಯೊಬ್ಬಳು ಹದಿನೆಂಟು ತುಂಬಿದ ಮೇಲೆ ವಿಶ್ವವಿದ್ಯಾಲಯಕ್ಕೆ ಹೋಗಿ ಮೂರು ವರ್ಷ ಇಂಗ್ಲಿಷ್ ಭಾಷೆಯನ್ನೇ ಓದುತ್ತಾಳೆ ಎಂದರೆ ನಮ್ಮಲ್ಲಿ ಕೆಲವರಿಗೆ ನಗು ಬರಬಹುದು. ಸಾಹಿತ್ಯ ಓದುತ್ತಾಳೆ ಎಂದರೆ ಸರಿ. ಷೇಕ್ಸ್‌ಪಿಯರ್ ಇದ್ದಾನೆ, ಡಿಕನ್ಸ್ ಇದ್ದಾನೆ. ಬರೀ ಭಾಷೆಯಲ್ಲಿ ಓದುವುದಕ್ಕೆ ಏನಿದೆ? ಅದು ಅವಳಿಗೆ ಬಂದೇ ಇದೆಯಲ್ಲ!

ಬೆಳಗಿನ ಹೊತ್ತು ಕೂತು ಯೋಚಿಸುವುದಕ್ಕೆ ಇದು ಒಳ್ಳೆಯ ಪ್ರಶ್ನೆ. ಆ ಹೊತ್ತಿಗೆ ದಿನದ ಮಾತು ಇನ್ನೂ ಶುರುವಾಗಿರುವುದಿಲ್ಲ. ಒಮ್ಮೆ ಶುರುವಾಯಿತೆಂದರೆ ನಾವು ಮಾತಿನೊಳಗೆ ಇರುತ್ತೇವೆ, ಮಾತನ್ನು ನೋಡುವುದಿಲ್ಲ. ಶೆಫೀಲ್ಡ್, ಲ್ಯಾಂಕಾಸ್ಟರ್‌ನಂಥ ಊರುಗಳ ವಿಶ್ವವಿದ್ಯಾಲಯಗಳಲ್ಲಿ ಇಂಗ್ಲಿಷ್ ಭಾಷೆ ಮತ್ತು ಭಾಷಾವಿಜ್ಞಾನದ ಪದವಿಗೆ ಸೇರುವ ಮಕ್ಕಳು ಮೊದಲು ಮಾಡಬೇಕಾದ ಕೆಲಸ ಅದೇ: ತಮಗೆ ಚೆನ್ನಾಗಿ ಬರುವ ಮಾತಿನಿಂದ ಒಂದು ಹೆಜ್ಜೆ ಹೊರಗೆ ಬಂದು ನಿಂತು ಅದನ್ನು ಕೇಳಿಸಿಕೊಳ್ಳುವುದು. ಹೇಳುವುದಕ್ಕೆ ಸುಲಭ.

ಮೊದಲ ವಾರಗಳ ಧ್ವನಿಶಾಸ್ತ್ರದ ತರಗತಿಯಲ್ಲಿ ಒಂದು ಹಳೆಯ ಪ್ರಯೋಗವಿದೆ. ತುಟಿಯ ಮುಂದೆ ತೆಳುವಾದ ಕಾಗದದ ಚೂರು ಹಿಡಿದುಕೊಂಡು 'ಪಿನ್' ಎನ್ನಬೇಕು, ಕಾಗದ ಅಲುಗುತ್ತದೆ. ಆಮೇಲೆ 'ಸ್ಪಿನ್' ಎನ್ನಬೇಕು; ಕಾಗದ ಸುಮ್ಮನಿರುತ್ತದೆ. ಮೊದಲನೆಯದರಲ್ಲಿ ಪಕಾರದ ಜೊತೆಗೆ ಉಸಿರು ಹೊರಗೆ ನುಗ್ಗುತ್ತದೆ, ಎರಡನೆಯದರಲ್ಲಿ ಇಲ್ಲ. ಹದಿನೆಂಟು ವರ್ಷ ದಿನಕ್ಕೆ ನೂರು ಸಲ ಹೀಗೆ ಬೇರೆ ಬೇರೆ ಮಾಡಿ ಹೇಳಿದವರಿಗೆ ತಾವು ಬೇರೆ ಮಾಡುತ್ತಿದ್ದೇವೆ ಎಂಬುದೇ ಗೊತ್ತಿರುವುದಿಲ್ಲ. ಇಂಗ್ಲಿಷಿನಲ್ಲಿ ಆ ಉಸಿರಿನಿಂದ ಅರ್ಥ ಬದಲಾಗುವುದಿಲ್ಲ, ಹಾಗಾಗಿ ಕಿವಿ ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಅಲ್ಪಪ್ರಾಣ, ಮಹಾಪ್ರಾಣ ಎಂದು ಒಂದನೇ ಕ್ಲಾಸಿನಲ್ಲೇ ಬೇರೆ ಬೇರೆ ಅಕ್ಷರ ತಿದ್ದಿದ ನಮಗೆ ಇದರಲ್ಲಿ ಸೋಜಿಗವೇನಿದೆ ಅನ್ನಿಸುತ್ತದೆ. ಆದರೆ ನಮ್ಮ ಆಡುಮಾತಿನಲ್ಲಿ ಆ ಮಹಾಪ್ರಾಣ ಎಷ್ಟು ಸಲ ಉಳಿದಿರುತ್ತದೆ ಎಂದು ಯಾರಾದರೂ ಕಾಗದ ಹಿಡಿದು ನೋಡಿದರೆ ನಾವೂ ಸ್ವಲ್ಪ ಗಲಿಬಿಲಿಗೊಳ್ಳಬೇಕಾಗುತ್ತದೆ.

ಅದೇ ತರಗತಿಯಲ್ಲಿ ಅವರ ಕೈಗೆ ಒಂದು ಕೋಷ್ಟಕ ಬರುತ್ತದೆ. 1886ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಧ್ವನಿಶಾಸ್ತ್ರ ಸಂಘದವರ ಕೋಷ್ಟಕ ಅದು. ಎಡಗಡೆಯಿಂದ ಶುರು ಮಾಡಿದರೆ ತುಟಿ, ಆಮೇಲೆ ಹಲ್ಲು, ವಸಡು, ಅಂಗಳ, ಕೊನೆಗೆ ಗಂಟಲು. ಯಾವ ಕಾರಣವೂ ಇಲ್ಲದ ಎಬಿಸಿಡಿ ಎಂಬ ಸಾಲನ್ನು ಕಲಿತು ಬೆಳೆದ ಮಗುವಿಗೆ, ಸದ್ದುಗಳನ್ನು ಬಾಯಿಯೊಳಗಿನ ಜಾಗಕ್ಕೆ ತಕ್ಕಂತೆ ಜೋಡಿಸಬಹುದು ಎಂಬುದೇ ಹೊಸ ವಿಷಯ. ನಮ್ಮ ವರ್ಣಮಾಲೆ ಇದನ್ನೇ ತಿರುಗುಮುರುಗಾಗಿ ಮಾಡುತ್ತದೆ: ಕವರ್ಗದಲ್ಲಿ ಗಂಟಲಿನ ಕಡೆಯಿಂದ ಹೊರಟು ಪವರ್ಗದಲ್ಲಿ ತುಟಿಗೆ ಬಂದು ನಿಲ್ಲುತ್ತದೆ. ಇದು ಕಾಕತಾಳೀಯವಲ್ಲ. 1920ರ ದಶಕದಲ್ಲಿ ಲಾಹೋರಿನಲ್ಲಿ ಇಂಗ್ಲಿಷ್ ಪ್ರೊಫೆಸರಾಗಿದ್ದು, 1944ರಲ್ಲಿ ಲಂಡನ್ನಿನಲ್ಲಿ ಬ್ರಿಟನ್ನಿನ ಮೊದಲ ಸಾಮಾನ್ಯ ಭಾಷಾವಿಜ್ಞಾನದ ಪ್ರೊಫೆಸರಾದ ಜೆ.ಆರ್. ಫರ್ತ್, ಭಾರತದ ಹಳೆಯ ವೈಯಾಕರಣರು ಇಲ್ಲದೆ ಹೋಗಿದ್ದರೆ ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನ ಧ್ವನಿಶಾಸ್ತ್ರವನ್ನು ಊಹಿಸಿಕೊಳ್ಳುವುದೇ ಕಷ್ಟ ಎಂಬರ್ಥದ ಮಾತನ್ನು 1946ರ ಲೇಖನವೊಂದರಲ್ಲಿ ಬರೆದರು.

ನಮ್ಮವರು ಎಲ್ಲವನ್ನೂ ಮೊದಲೇ ಕಂಡಿದ್ದರು ಎಂದು ಎದೆ ತಟ್ಟಿಕೊಳ್ಳಲು ಈ ಮಾತು ತೆಗೆದದ್ದಲ್ಲ. ಅವರು ಕೇಳಿಸಿಕೊಂಡಿದ್ದರು ಎಂಬುದು ಮುಖ್ಯ. ನಾವು ಅದನ್ನು ಬಾಯಿಪಾಠ ಮಾಡಿದ್ದೇವೆ. ಕಖಗಘಙ ಎಂದು ರಾಗವಾಗಿ ಹೇಳುವ ಮಗುವಿಗೆ, ನಾಲಿಗೆ ಎಲ್ಲಿ ಮುಟ್ಟುತ್ತಿದೆ ನೋಡು ಮರಿ ಎಂದು ಯಾವ ಮೇಷ್ಟರು ಹೇಳಿದ್ದಾರೆ? ಶೆಫೀಲ್ಡಿನಲ್ಲಿ ಓದುವ ಹುಡುಗಿ ತಡವಾಗಿಯಾದರೂ ಕನ್ನಡಿ ಹಿಡಿದು ನೋಡಿಕೊಳ್ಳುತ್ತಾಳೆ.

ಧ್ವನಿಯ ನಂತರ ವ್ಯಾಕರಣ. ಇಲ್ಲಿ ನನಗೆ ಬಹಳ ಇಷ್ಟವಾದದ್ದು ಒಂದು ಹಕ್ಕಿಯ ಚಿತ್ರ. 1958ರಲ್ಲಿ ಜೀನ್ ಬರ್ಕೊ ಎಂಬ ಅಮೆರಿಕದ ಸಂಶೋಧಕಿ, ಲೋಕದಲ್ಲೇ ಇಲ್ಲದ ಪ್ರಾಣಿಯೊಂದನ್ನು ಬರೆದು ಅದಕ್ಕೆ 'ವಗ್' ಎಂದು ಹೆಸರಿಟ್ಟು ಚಿಕ್ಕ ಮಕ್ಕಳಿಗೆ ತೋರಿಸಿದರು. ಇದು ಒಂದು ವಗ್, ಈಗ ಇಲ್ಲಿ ಇನ್ನೊಂದು ಬಂತು, ಈಗ ಎರಡು... ಎಂದು ವಾಕ್ಯವನ್ನು ಅರ್ಧಕ್ಕೆ ಬಿಟ್ಟರು. ಮಕ್ಕಳು 'ವಗ್ಜ್' ಎಂದು ಮುಗಿಸಿದರು. 'ಕ್ಯಾಟ್ಸ್' ಎನ್ನುವಾಗ ಸಕಾರ, 'ಡಾಗ್ಜ್' ಎನ್ನುವಾಗ ನಾದ ಸೇರಿದ ಝಕಾರ ಬರಬೇಕೆಂಬ ನಿಯಮ ಯಾವ ಮಗುವಿಗೂ ಯಾರೂ ಹೇಳಿಕೊಟ್ಟಿರಲಿಲ್ಲ. 'ವಗ್ಜ್' ಎಂಬ ಮಾತನ್ನು ಅವರು ಹಿಂದೆ ಎಲ್ಲೂ ಕೇಳಿರಲು ಸಾಧ್ಯವೇ ಇರಲಿಲ್ಲ. ಅಂದರೆ ಮಗು ಕೇಳಿದ್ದನ್ನು ಬರೀ ಗಿಣಿಪಾಠದ ಹಾಗೆ ಒಪ್ಪಿಸುವುದಿಲ್ಲ. ಕೇಳಿದ್ದರ ಒಳಗಿನ ಕಟ್ಟನ್ನು ಹಿಡಿದುಕೊಳ್ಳುತ್ತದೆ.

ನಮ್ಮ ಮನೆಯ ಮಕ್ಕಳನ್ನೇ ನೋಡಿ. ಮನೆಗೆ, ಊರಿಗೆ, ಮರಕ್ಕೆ, ಅಣ್ಣನಿಗೆ: ಒಂದೇ ಚತುರ್ಥಿ ವಿಭಕ್ತಿ, ನಾಲ್ಕು ವೇಷ. ಯಾವ ಮಾತಿಗೆ ಯಾವ ವೇಷ ಎಂದು ಕೇಳಿದರೆ ಎಂ.ಎ. ಮಾಡಿದವರೂ ಒಂದು ಗಳಿಗೆ ತಡವರಿಸುತ್ತಾರೆ. ಸ್ಲೇಟು ಮುಟ್ಟದ ಮಗು ತಡವರಿಸುವುದಿಲ್ಲ. ಅಪರೂಪಕ್ಕೆ ಎಡವಿದರೂ ಒಂದು ನಿಯಮವನ್ನು ಅತಿಯಾಗಿ ನಂಬಿದ್ದರಿಂದ ಎಡವುತ್ತದೆ, ನಿಯಮ ಇಲ್ಲದ್ದರಿಂದಲ್ಲ. ಓದು ಬರದವರಿಗೆ ವ್ಯಾಕರಣ ಬರುವುದಿಲ್ಲ ಎಂದು ನಾವು ಎಷ್ಟು ಸಲೀಸಾಗಿ ಹೇಳಿಬಿಡುತ್ತೇವೆ!

ಈ ಓದು ನಿಜವಾಗಿ ಕಷ್ಟವಾಗುವುದು ಇಲ್ಲಿಂದ ಮುಂದೆ. ಸರಿ, ತಪ್ಪು ಎಂಬ ಎರಡು ಮಾತನ್ನು ಸ್ವಲ್ಪ ಕಾಲ ಕೆಳಗಿಡಬೇಕಾಗುತ್ತದೆ. ಇಂಗ್ಲಿಷಿನಲ್ಲಿ ಎರಡು ನಿಷೇಧ ಒಟ್ಟಿಗೆ ಬರಬಾರದು, ಬಂದರೆ ಒಂದನ್ನೊಂದು ಹೊಡೆದುಹಾಕುತ್ತವೆ ಎಂದು ಶಾಲೆಯಲ್ಲಿ ಕಲಿಸುತ್ತಾರೆ. ಹದಿನೆಂಟನೇ ಶತಮಾನದ ವ್ಯಾಕರಣಕಾರರು ಗಣಿತದ ಮರ್ಯಾದೆಯನ್ನು ಭಾಷೆಗೂ ಹೊದಿಸಿದ್ದರ ಫಲ ಅದು. ಅದಕ್ಕೆ ಸುಮಾರು ನಾನೂರು ವರ್ಷ ಮೊದಲು ಕವಿ ಚಾಸರ್ ಒಂದೇ ವಾಕ್ಯದಲ್ಲಿ ಎರಡು ಮೂರು ನಿಷೇಧಗಳನ್ನು ಹಾಕಿ ಬರೆದ. ಒಂದರ ಮೇಲೊಂದು ಬಂದಷ್ಟೂ ಇಲ್ಲ ಎಂಬುದು ಗಟ್ಟಿಯಾಯಿತೇ ಹೊರತು ಹೌದು ಆಗಲಿಲ್ಲ. ಇವತ್ತಿಗೂ ಲಂಡನ್ನಿನ ಪೂರ್ವಭಾಗದಲ್ಲಿ ಹಾಗೆ ಮಾತಾಡುವವನನ್ನು ಯಾರೂ ತಪ್ಪು ತಿಳಿಯುವುದಿಲ್ಲ, ಪರೀಕ್ಷಕರೊಬ್ಬರನ್ನು ಬಿಟ್ಟು. ವಿದ್ಯಾರ್ಥಿ ಇದನ್ನೆಲ್ಲ ವಿವರಿಸಿ ಪ್ರಬಂಧ ಬರೆಯುತ್ತಾಳೆ. ಆ ಪ್ರಬಂಧ ಮಾತ್ರ ಶಿಷ್ಟ ಇಂಗ್ಲಿಷಿನಲ್ಲೇ ಇರಬೇಕು, ಕಾಗುಣಿತ ತಪ್ಪಿದರೆ ಅಂಕ ಹೋಗುತ್ತದೆ. ಎಲ್ಲ ನುಡಿಗಳೂ ಸಮಾನ ಎಂದು ಹೇಳುವುದಕ್ಕೂ ಒಂದು ನುಡಿಯನ್ನು ದೊಡ್ಡದಾಗಿ ಕೂರಿಸಬೇಕಾಗುತ್ತದೆ. ಈ ಮುಜುಗರದಿಂದ ಇಂಗ್ಲಿಷ್ ಭಾಷಾ ವಿಭಾಗಗಳು ತಪ್ಪಿಸಿಕೊಂಡಿಲ್ಲ. ತಪ್ಪಿಸಿಕೊಳ್ಳುವ ದಾರಿ ಇದ್ದ ಹಾಗೂ ಕಾಣುವುದಿಲ್ಲ.

ಕೇಳಿಸಿಕೊಳ್ಳುವುದು ಎಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ಲೀಡ್ಸ್ ವಿಶ್ವವಿದ್ಯಾಲಯದ ಹೆಸರು ಹೇಳುತ್ತೇನೆ. ಎರಡನೇ ಮಹಾಯುದ್ಧ ಮುಗಿದಿತ್ತು, ಜನ ಊರು ಬಿಡುತ್ತಿದ್ದರು, ಮನೆಮನೆಗೆ ರೇಡಿಯೋ ಬಂದಿತ್ತು. ಹಳ್ಳಿಗಳ ಹಳೆಯ ಮಾತು ಕರಗುವ ಮೊದಲು ಬರೆದಿಟ್ಟುಕೊಳ್ಳಬೇಕೆಂದು ಲೀಡ್ಸ್‌ನ ಹೆರಾಲ್ಡ್ ಆರ್ಟನ್, ಜ್ಯೂರಿಚ್‌ನ ಯೂಜೆನ್ ಡೀತ್ ಸೇರಿ ಇಂಗ್ಲಿಷ್ ಉಪಭಾಷೆಗಳ ಸಮೀಕ್ಷೆಗೆ ಕೈಹಾಕಿದರು. 1950ರಿಂದ 1961ರವರೆಗೆ 313 ಊರು, ಬಹುತೇಕ ಹಳ್ಳಿಗಳೇ. 1,300ಕ್ಕೂ ಹೆಚ್ಚು ಪ್ರಶ್ನೆಗಳ ಒಂದು ಪುಸ್ತಕ. ಹೆಚ್ಚಾಗಿ ಅರವತ್ತು ದಾಟಿದ, ಊರು ಬಿಟ್ಟು ಹೋಗದ, ಬೇಸಾಯದ ಜನರನ್ನೇ ಹುಡುಕಿ ಮಾತಾಡಿಸಿದರು. ಕೇಳುವವರಿಗೆ ಒಂದು ಕಟ್ಟಳೆಯಿತ್ತು: ಬೇಕಾದ ಮಾತನ್ನು ತಾವು ಬಾಯಿಬಿಟ್ಟು ಹೇಳಬಾರದು. ಹಂದಿಗಳನ್ನು ಕೂಡುವ ಜಾಗಕ್ಕೆ ನೀವು ಏನಂತೀರಿ? ಒಂದೇ ಸೂಲಿನ ಮರಿಗಳಲ್ಲಿ ತೀರ ಬಡಕಲು ಇರುತ್ತದಲ್ಲ, ಅದಕ್ಕೆ? ಹೀಗೆ ಕೇಳಿ ಕಾಯಬೇಕು, ಮುದುಕನ ಬಾಯಿಂದ ಬಂದದ್ದನ್ನು ಬಂದ ಹಾಗೇ ಧ್ವನಿಲಿಪಿಯಲ್ಲಿ ಬರೆದುಕೊಳ್ಳಬೇಕು. ಆ ಬಡಕಲು ಹಂದಿಮರಿಗೆ ದೇಶದ ಉದ್ದಕ್ಕೂ ಹತ್ತಾರು ಹೆಸರು ಸಿಕ್ಕಿದವು.

ಹಾಗೆ ಊರೂರು ಸುತ್ತಿದವರಲ್ಲಿ ಸ್ಟ್ಯಾನ್ಲಿ ಎಲ್ಲಿಸ್ ಒಬ್ಬರು. ಮಲಗುವುದಕ್ಕೆ ಒಂದು ಕ್ಯಾರವಾನ್, ಸಂಗಡ ಹೆಂಡತಿ. ಅವರ ಕಿವಿಗೆ ದೊಡ್ಡ ಪರೀಕ್ಷೆ ಬಂದದ್ದು ಬಹಳ ವರ್ಷಗಳ ಮೇಲೆ. 1970ರ ದಶಕದ ಕೊನೆಯಲ್ಲಿ ಯಾರ್ಕ್‌ಷೈರಿನಲ್ಲಿ ಹೆಂಗಸರ ಕೊಲೆಗಳು ಒಂದರ ಹಿಂದೊಂದು ನಡೆಯುತ್ತಿದ್ದವು. 1979ರ ಜೂನ್‌ನಲ್ಲಿ ಪೊಲೀಸರಿಗೆ ಒಂದು ಟೇಪು ಬಂತು. ತಾನೇ ಕೊಲೆಗಾರ ಎಂದು ಅದರಲ್ಲಿ ಒಬ್ಬ ಗಂಡಸು ನಿಧಾನವಾಗಿ ಮಾತಾಡಿದ್ದ. ಅದನ್ನು ಎಲ್ಲಿಸ್ ಅವರಿಗೆ ಕೇಳಿಸಿದರು. ಅವರು ಈಶಾನ್ಯ ಇಂಗ್ಲೆಂಡಿನ ಸಂಡರ್‌ಲ್ಯಾಂಡಿಗೆ ಹೋಗಿ ಅಲ್ಲಿನ ಜನರನ್ನು ಮಾತಾಡಿಸಿ, ಅಲ್ಲೇ ಇರುವ ಕ್ಯಾಸಲ್‌ಟೌನ್ ಎಂಬ ಸಣ್ಣ ಜಾಗದ ಮಾತಿದು, ಇವನು ಅಲ್ಲೇ ಬೆಳೆದವನಿರಬೇಕು ಎಂದರು.

ಪೊಲೀಸರು ಹಿಗ್ಗಿದರು. ಆ ಧ್ವನಿಯನ್ನು ಯಾರು ಬೇಕಾದರೂ ಫೋನ್ ಮಾಡಿ ಕೇಳುವ ಹಾಗೆ ಮಾಡಿದರು. ಈಶಾನ್ಯದ ಮಾತಿನ ಧಾಟಿ ಇಲ್ಲದವರ ಮೇಲಿನ ಗುಮಾನಿ ತಾನಾಗಿಯೇ ಕಡಿಮೆಯಾಗುತ್ತ ಬಂತು. ಎಲ್ಲಿಸ್ ಮತ್ತು ಅವರ ಸಹೋದ್ಯೋಗಿ ಜಾಕ್ ವಿಂಡ್ಸರ್ ಲೂಯಿಸ್ ಇಬ್ಬರೂ, ಈ ಧ್ವನಿಯವನು ಕೊಲೆಗಾರ ಅಲ್ಲದೆಯೂ ಇರಬಹುದು, ಯಾರೋ ಆಟವಾಡುತ್ತಿರಬಹುದು ಎಂದು ಎಚ್ಚರಿಸಿದರು. ಆ ಮಾತು ಮಾತ್ರ ಮೇಲಿನವರ ತಲೆಗೆ ಇಳಿಯಲಿಲ್ಲ. ಟೇಪು ಬಂದ ಮೇಲೆ ಇನ್ನೂ ಮೂವರು ಹೆಂಗಸರ ಜೀವ ಹೋಯಿತು. ಕೊನೆಯವಳು ಎಲ್ಲಿಸ್ ಪಾಠ ಹೇಳುತ್ತಿದ್ದ ಲೀಡ್ಸ್ ವಿಶ್ವವಿದ್ಯಾಲಯದ್ದೇ ವಿದ್ಯಾರ್ಥಿನಿ. 1981ರ ಜನವರಿಯಲ್ಲಿ ಸಿಕ್ಕಿಬಿದ್ದ ಪೀಟರ್ ಸಟ್‌ಕ್ಲಿಫ್ ಯಾರ್ಕ್‌ಷೈರಿನವನು, ಅವನ ಮಾತೂ ಯಾರ್ಕ್‌ಷೈರಿನದೇ. ಪೊಲೀಸರು ಅವನನ್ನು ಹಿಂದೆ ಹಲವು ಸಲ ಕೂರಿಸಿಕೊಂಡು ವಿಚಾರಿಸಿ ಬಿಟ್ಟುಕಳಿಸಿದ್ದರು. ಟೇಪಿನ ಮನುಷ್ಯ ಯಾರೆಂದು ಗೊತ್ತಾದದ್ದು 2005ರಲ್ಲಿ, ಅವನು ಕಳಿಸಿದ್ದ ಹಳೆಯ ಲಕೋಟೆಯ ಅಂಟಿನಲ್ಲಿ ಉಳಿದಿದ್ದ ಡಿಎನ್‌ಎಯಿಂದ. ಅವನು ಸಂಡರ್‌ಲ್ಯಾಂಡಿನವನು, ಕ್ಯಾಸಲ್‌ಟೌನಿಗೆ ಹತ್ತಿರದವನು. ಮರುವರ್ಷ ಜೈಲಿಗೆ ಹೋದ.

ಈ ಕಥೆಯನ್ನು ವಿದ್ಯಾರ್ಥಿಗಳಿಗೆ ಹೇಳುವಾಗ ಸಾಮಾನ್ಯವಾಗಿ ಕಿವಿಯ ಚಾತುರ್ಯದ ಕಡೆಗೇ ಗಮನ ಹೋಗುತ್ತದೆ: ಟೇಪಿನಲ್ಲಿದ್ದ ಒಂದಷ್ಟು ವಾಕ್ಯಗಳಿಂದ ಊರಿನ ಮೂಲೆಯನ್ನೇ ಹಿಡಿದರಲ್ಲ ಎಂದು. ನನ್ನನ್ನು ಹೆಚ್ಚು ಕಾಡುವುದು ಎರಡನೇ ಭಾಗ. ಕೇಳಿಸಿಕೊಂಡವರು ತಮಗೆ ಎಷ್ಟು ಕೇಳಿಸಿತೋ ಅಷ್ಟನ್ನೇ ಹೇಳಿದರು: ಇವನು ಇಂಥ ಕಡೆಯವನು. ಅವನು ಏನು ಮಾಡಿದ್ದಾನೆ ಎಂಬುದು ಧ್ವನಿಯಲ್ಲಿ ಇರುವುದಿಲ್ಲ. ಧ್ವನಿ ಕೇಳಿದ ಕೂಡಲೇ ಮನುಷ್ಯನ ನಡತೆಯನ್ನೂ ತೀರ್ಮಾನಿಸಿಬಿಡುವುದು ಪೊಲೀಸರೊಬ್ಬರ ಚಾಳಿಯಲ್ಲ. ಸಂದರ್ಶನದ ಕೋಣೆಯಲ್ಲಿ ಹುಡುಗನೊಬ್ಬ ಮೊದಲ ವಾಕ್ಯ ಮುಗಿಸುವಷ್ಟರಲ್ಲಿ ಅವನ ಊರು, ಓದಿದ ಮಾಧ್ಯಮ, ಅಪ್ಪನ ಕಸುಬು, ಕೊನೆಗೆ ಬುದ್ಧಿಯ ಅಳತೆ ಎಲ್ಲವನ್ನೂ ನಮ್ಮ ಕಿವಿ ಬರೆದುಕೊಂಡಿರುತ್ತದೆ. ಇಂಗ್ಲಿಷ್ ಎಂಬುದು ನಮ್ಮ ಕಡೆ ಬಹಳ ಮಂದಿಗೆ ಹೀಗೆ ಅಳೆದುಬಿಡುತ್ತಾರೆಂಬ ಭಯದ ಇನ್ನೊಂದು ಹೆಸರು.

'ಇಸ್ಕೂಲು' ಎನ್ನುವವರನ್ನು ಕಂಡು ನಗುವವರು ಈಗಲೂ ಇದ್ದಾರೆ. ಮಾತಿನ ಮೊದಲಿಗೇ ಸಕಾರಕ್ಕೆ ಇನ್ನೊಂದು ವ್ಯಂಜನ ಅಂಟಿಕೊಂಡು ಬಂದರೆ ಹಲವು ಭಾಷೆಗಳ ನಾಲಿಗೆ ಅದರ ಮುಂದೆ ಒಂದು ಸ್ವರವನ್ನು ಇಟ್ಟುಕೊಂಡು ಹತ್ತುತ್ತದೆ. ಲ್ಯಾಟಿನ್ನಿನ 'ಸ್ಕೋಲಾ' ಸ್ಪೇನಿಗೆ ಹೋಗಿ 'ಎಸ್ಕ್ವೇಲಾ' ಆದದ್ದು ಇದೇ ದಾರಿಯಲ್ಲಿ. ಅಲ್ಲಿ ಅದು ನಿಘಂಟಿಗೆ ಹತ್ತಿತು, ಇಲ್ಲಿ ನಗೆಪಾಟಲಾಯಿತು. ಬಸ್ಸು, ಕಾರು, ಬೆಂಚು ಎಂದು ಕೊನೆಗೆ ಉಕಾರ ಸೇರಿಸುವಾಗ ನಾವು ನಗುವುದಿಲ್ಲ, ಯಾಕೆಂದರೆ ಅದು ನಮ್ಮೆಲ್ಲರದು.

ನಮ್ಮ ವಿಶ್ವವಿದ್ಯಾಲಯಗಳ ಇಂಗ್ಲಿಷ್ ಎಂ.ಎ. ಎಂದರೆ ಹೆಚ್ಚಾಗಿ ಸಾಹಿತ್ಯ. ಭಾಷಾವಿಜ್ಞಾನ ಒಂದೋ ಎರಡೋ ಪೇಪರು, ಫೊನೆಟಿಕ್ಸ್ ಎಂದರೆ ಎದೆ ಡವಡವ. ಕಂಠಪಾಠ ಮಾಡಿ, ಬರೆದು, ಮರೆತುಬಿಡುವುದೇ ರೂಢಿ. ಇದರ ನಡುವೆ ಎ.ಕೆ. ರಾಮಾನುಜನ್ ಅವರ ದಾರಿ ನೆನಪಾಗುತ್ತದೆ. ಮೈಸೂರಿನಲ್ಲಿ ಓದಿ, ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಹೇಳಿಕೊಡುತ್ತಿದ್ದವರು ಪುಣೆಯ ಡೆಕ್ಕನ್ ಕಾಲೇಜಿಗೆ ಭಾಷಾವಿಜ್ಞಾನ ಕಲಿಯಲು ಹೋದರು. ಅಲ್ಲಿಂದ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ. 1963ರಲ್ಲಿ ಅವರಿಗೆ ಪಿಎಚ್‌.ಡಿ. ಬಂದ ಪ್ರಬಂಧದ ವಿಷಯ ಕನ್ನಡದ ವ್ಯಾಕರಣ, ಭಾಷಾವಿಜ್ಞಾನಿ ಚಾಮ್‌ಸ್ಕಿಯ ಹೊಸ ವಿಧಾನದಲ್ಲಿ. ಇಂಗ್ಲಿಷ್ ಮೇಷ್ಟರೊಬ್ಬರು ಸಮುದ್ರ ದಾಟಿ ಹೋಗಿ ತಾವು ಚಿಕ್ಕಂದಿನಿಂದ ಕೇಳಿಸಿಕೊಂಡಿದ್ದ ಭಾಷೆಗಳ ಕಡೆಗೆ ಕಿವಿ ತಿರುಗಿಸಿದರು. ಮನೆಯ ಅಜ್ಜಿಯಂದಿರು, ಅತ್ತೆಯರು ಹೇಳುವ ಕಥೆಗಳನ್ನು ಅವರು ಕೊನೆತನಕ ಸಂಗ್ರಹಿಸುತ್ತಲೇ ಇದ್ದರು. ಆ ಕಥೆಗಳನ್ನು ಅವರು ಹೇಗೆ ಕೇಳಿಸಿಕೊಂಡರು ಎಂಬುದರಲ್ಲಿ ಭಾಷಾವಿಜ್ಞಾನದ ತರಗತಿಯ ಪಾಲೂ ಇದೆ ಎಂಬುದು ನನ್ನ ಊಹೆ.

ಮತ್ತೆ ಶೆಫೀಲ್ಡಿನ ಹುಡುಗಿಯ ಕಡೆಗೆ ಬರೋಣ. ಎರಡನೆಯದೋ ಮೂರನೆಯದೋ ವರ್ಷದಲ್ಲಿ ಅವಳಿಗೆ ಒಂದು ಕೆಲಸ ಕೊಡುತ್ತಾರೆ. ಇಬ್ಬರು ಮೂವರು ಸಹಜವಾಗಿ ಮಾತಾಡುವುದನ್ನು ಧ್ವನಿಮುದ್ರಿಸಿಕೊಂಡು, ಅದರಲ್ಲಿ ಐದಾರು ನಿಮಿಷದ ಭಾಗವನ್ನು ಇದ್ದ ಹಾಗೇ ಬರೆಯಬೇಕು. ನುಡಿದ ಮಾತಷ್ಟೇ ಅಲ್ಲ; ತಡವರಿಕೆ, ಅರ್ಧಕ್ಕೆ ಬಿಟ್ಟ ಪದ, ಒಬ್ಬರ ಮೇಲೊಬ್ಬರು ಹಾಯ್ದ ಜಾಗ, ನಗು, ಎಳೆದ ಉಸಿರು, ನಡುವಿನ ಬಿಡುವು ಸೆಕೆಂಡಿನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ. ಐದು ನಿಮಿಷದ ಮಾತಿಗೆ ಒಂದಿಡೀ ದಿನವೂ ಸಾಲದೆ ಹೋಗಬಹುದು.

ಆ ಬಿಡುವುಗಳ ಬಗ್ಗೆ ಒಂದು ಸಂಗತಿ ಗೊತ್ತಾಗಿದೆ. ಲೋಕದ ಹತ್ತು ಭಾಷೆಗಳನ್ನು ಹೋಲಿಸಿ 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಬ್ಬರು ಪ್ರಶ್ನೆ ಮುಗಿಸಿ ಇನ್ನೊಬ್ಬರು ಉತ್ತರ ಶುರು ಮಾಡುವ ನಡುವಿನ ಸಮಯ ಸರಾಸರಿ ಸೆಕೆಂಡಿನ ಐದನೇ ಒಂದು ಭಾಗದಷ್ಟು ಎಂದು ಕಂಡುಬಂತು. ಒಂದೇ ಒಂದು ಪದವನ್ನು ಮನಸ್ಸಿನಲ್ಲಿ ಸಿದ್ಧಮಾಡಿ ಬಾಯಿಗೆ ತರುವುದಕ್ಕೆ ಅರ್ಧ ಸೆಕೆಂಡಿಗಿಂತ ಹೆಚ್ಚು ಬೇಕು. ಲೆಕ್ಕ ಹಾಕಿ ನೋಡಿ: ಎದುರಿನವರು ಇನ್ನೂ ಮಾತಾಡುತ್ತಿರುವಾಗಲೇ ನಾವು ನಮ್ಮ ಉತ್ತರ ಕಟ್ಟಲು ಕೂತಿರುತ್ತೇವೆ. ಅಷ್ಟರ ಮಟ್ಟಿಗೆ ಅವರ ಕೊನೆಯ ಮಾತನ್ನು ಕೇಳಿಸಿಕೊಳ್ಳುವುದಕ್ಕಿಂತ ಹೆಚ್ಚಾಗಿ ಊಹಿಸಿಕೊಂಡಿರುತ್ತೇವೆ. ಸಂಸಾರದಲ್ಲಿ ದಿನಾ ನಡೆಯುವ ಎಷ್ಟೋ ಜಗಳಗಳ ಬೇರು ಇಲ್ಲೇ ಎಲ್ಲೋ ಇರಬೇಕು; ಇದಕ್ಕೆ ಅಧ್ಯಯನದ ಆಧಾರ ಕೇಳಬೇಡಿ.

ಉತ್ತರ ಇಂಗ್ಲೆಂಡಿನ ವಿದ್ಯಾರ್ಥಿಗೆ ಸುಲಭವಾಗಿ ಸಿಗುವ ಧ್ವನಿ ಎಂದರೆ ಅಜ್ಜಿಯದೋ ತಾತನದೋ. ಯಾರ್ಕ್‌ಷೈರಿನ ಹಳೆಯ ತಲೆಮಾರು 'ದಿ' ಎಂಬ ಉಪಪದವನ್ನು ನುಂಗಿ ಬರೀ ಒಂದು ತಕಾರವನ್ನೋ ಗಂಟಲಿನ ತಡೆಯನ್ನೋ ಉಳಿಸುತ್ತದೆ. ಚಿಕ್ಕಂದಿನಲ್ಲಿ ಅದನ್ನು ಕೇಳಿ ನಾಚಿದ್ದ ಮೊಮ್ಮಗಳು ಈಗ ಹೆಡ್‌ಫೋನ್ ಹಾಕಿಕೊಂಡು, ಎಲ್ಲೆಲ್ಲಿ ತಕಾರ, ಎಲ್ಲೆಲ್ಲಿ ತಡೆ, ಎಲ್ಲೆಲ್ಲಿ ಪೂರ್ತಿ 'ದಿ' ಬಂತು ಎಂದು ಪಟ್ಟಿ ಮಾಡುತ್ತಾಳೆ. ಪಟ್ಟಿ ಮುಗಿಯುವ ಹೊತ್ತಿಗೆ ಅಡ್ಡಾದಿಡ್ಡಿ ಅನ್ನಿಸಿದ್ದರಲ್ಲಿ ಒಂದು ಕ್ರಮ ಕಾಣತೊಡಗುತ್ತದೆ.

ಹಿಂದೆ ಈ ಕೆಲಸ ಬೇರೆ ರೀತಿ ನಡೆಯುತ್ತಿತ್ತು. ರ‍್ಯಾಂಡಲ್ಫ್ ಕ್ವರ್ಕ್ 1959ರಲ್ಲಿ ಶುರು ಮಾಡಿ, ಆಮೇಲೆ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿಗೆ ತಂದ ಇಂಗ್ಲಿಷ್ ಬಳಕೆಯ ಸಮೀಕ್ಷೆ ಹತ್ತು ಲಕ್ಷ ಪದಗಳದ್ದು, ಅರ್ಧ ಬರೆದದ್ದು, ಅರ್ಧ ಮಾತಾಡಿದ್ದು. ಇಂಗ್ಲಿಷ್ ವ್ಯಾಕರಣದ ದೊಡ್ಡ ಗ್ರಂಥಗಳಿಗೆ ಅದು ಬುನಾದಿ. ಅದರೊಳಗಿನ ಹಲವು ಮಾತುಕತೆಗಳನ್ನು ಮಾತಾಡುವವರಿಗೆ ಗೊತ್ತಾಗದ ಹಾಗೆ ಯಂತ್ರ ಬಚ್ಚಿಟ್ಟು ಮುದ್ರಿಸಿಕೊಂಡಿದ್ದರು; ಗೊತ್ತಾದರೆ ಜನ ಮಾತನ್ನು ತಿದ್ದಿಕೊಳ್ಳುತ್ತಾರಲ್ಲ. ಈಗ ಹಾಗೆ ಮಾಡುವಂತಿಲ್ಲ. ಸ್ವಂತ ಅಜ್ಜಿಯೇ ಆದರೂ ಮೊದಲು ಎಲ್ಲ ವಿವರಿಸಿ, ಯಾವಾಗ ಬೇಕಾದರೂ ಬೇಡ ಎನ್ನಬಹುದು ಎಂದು ತಿಳಿಸಿ, ಒಪ್ಪಿಗೆ ಪತ್ರದ ಮೇಲೆ ಸಹಿ ಹಾಕಿಸಿಕೊಂಡೇ ಯಂತ್ರದ ಗುಂಡಿ ಒತ್ತಬೇಕು. ಅಜ್ಜಿ ಅದನ್ನು ಓದಿ ಏನೇ ಅಂದಿರಲಿ, ಆ ಸಹಿ ಇಲ್ಲದಿದ್ದರೆ ವಿಭಾಗದವರು ವರದಿಯನ್ನು ಮುಟ್ಟುವುದಿಲ್ಲ.